ಮಾಗ್ದಲೀನಾ ತೊಳೆದ ಚೀಲಗಳು

ಹಳಿಯಾಳದ ಕಡೆಯ ಆ ಊರಿಗೆ ನಾನು ಗ್ರಾಮಸೇವಕನಾಗಿ ಹೋದದ್ದು ಎಪ್ಪತ್ತೇಳರಲ್ಲಿ. ಭತ್ತದ ಹುಳಕ್ಕೆ ಬಿಎಚ್‌ಸಿ ಪುಡಿ ಹಂಚುವುದು ನನ್ನ ಕೆಲಸ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಾನು ಅರ್ಧ ಕೊಡ, ಹೋದಲ್ಲೆಲ್ಲ ತುಳುಕುತ್ತಿದ್ದೆ.

ಕೆರೆದಂಡೆಯ ಸಿದ್ದಿ ಕೇರಿಯಲ್ಲಿ ಮಾಗ್ದಲೀನಾಳಷ್ಟು ಚೆಂದ ಕೌದಿ ಹೊಲಿಯುವವರು ಇರಲಿಲ್ಲ. ಹರಕು ಸೀರೆ, ಹಳೆ ಅಂಗಿ ಯಾವುದನ್ನೂ ಎಸೆಯುತ್ತಿರಲಿಲ್ಲ. ನಾಲ್ಕು ಮೂಲೆಗೂ ಬಟ್ಟೆಯ ಹೂವು ಕೂರಿಸದಿದ್ದರೆ ಕೌದಿ ಬತ್ತಲೆ ಎನ್ನುತ್ತಿದ್ದಳು. ಗಂಡ ಕಾಡಿನಲ್ಲಿ ಮರ ಬಿದ್ದು ಸತ್ತ ಮೇಲೆ ಕೂಲಿ ಮಾಡಿ ಮಗಳು ರೋಜಿಯನ್ನು ಬೆಳೆಸಿದವಳು. ಕರಡಿಗೂ ಹೆದರದ ಹೆಂಗಸು.

ರೋಜಿ ಚೊಚ್ಚಲ ಹೆರಿಗೆಗೆ ಬಂದಾಗ ಕೂಸಿನ ಕೌದಿಗೆ ಅಡಿಬಟ್ಟೆ ಬೇಕಾಯಿತು. ಪುಡಿ ಬರುತ್ತಿದ್ದ ದಪ್ಪ ಬಟ್ಟೆಯ ಖಾಲಿ ಚೀಲಗಳನ್ನು ಕೊಡುತ್ತೀರಾ ಎಂದು ಕೇಳಿದಳು. ವಿಷವಲ್ಲವೇ ಎಂದೂ ಕೇಳಿದಳು. ನಾನು ನಕ್ಕೆ. “ಕೆರ್ಯಾಗ ನಾಕ ಸಲ ತೊಳಿಯವ್ವಾ, ಎಲ್ಲಾ ಹೋಗತೈತಿ” ಎಂದೆ.

ಅವಳು ಹತ್ತು ಸಲ ತೊಳೆದಳು. ಅವಳೊಬ್ಬಳೇ ಏನಲ್ಲ, ಪುಡಿ ಹೊಡೆಯುವವರು ಡಬ್ಬ ತೊಳೆಯುತ್ತಿದ್ದುದೂ ಅಲ್ಲಿಯೇ, ಗದ್ದೆಗಳ ನೀರು ಹರಿದು ಸೇರುತ್ತಿದ್ದುದೂ ಅಲ್ಲಿಗೇ.

ಕೂಸು ಚೆನ್ನಾಗಿಯೇ ಹುಟ್ಟಿತು. ಬೇಸಿಗೆ ಏರಿ ಕೆರೆ ಅರ್ಧಕ್ಕೆ ಇಳಿದಾಗ ಒಂದು ಮಧ್ಯಾಹ್ನ ಮಾಗ್ದಲೀನಾಳ ಮನೆಯೊಳಗೆ ಆ ಪುಡಿಯ ಮುಗ್ಗಲು ವಾಸನೆ ಎದ್ದಿತು. ಮೊದಲೇ ಕೆಮ್ಮುತ್ತಿದ್ದ ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಅವಳಿಗೆ ಕೌದಿಯ ಮೇಲೆ ಅನುಮಾನ. ಮೂರು ತಿಂಗಳು ಕೂತು ಹೊಲಿದದ್ದನ್ನು ಅಳುತ್ತಲೇ ಒಯ್ದು ದೂರದಲ್ಲಿ ಹೂತು ಬಂದಳು.

ಮರುದಿನ ಬಿಸಿಲೇರಿದಾಗ ಅದೇ ವಾಸನೆ. ಒಲೆ, ಬುಟ್ಟಿ, ಗೋಡೆ ಎಲ್ಲವನ್ನೂ ಮೂಸಿ ನೋಡಿದಳು. ಮೂಸುತ್ತಲೇ ಹೊರಗೆ ಬಂದಳು. ಗಾಳಿ ಬರುವ ದಿಕ್ಕಿಗೆ ಹೆಜ್ಜೆ ಹಾಕಿದಷ್ಟೂ ವಾಸನೆ ಜೋರಾಯಿತು. ನಡೆದು ನಡೆದು ನಿಂತದ್ದು ಕೆರೆಯ ಮುಂದೆ.

ಅಲ್ಲಿಂದ ನೇರ ನನ್ನ ಬಾಗಿಲಿಗೆ ಬಂದಳು.

“ಅರಿವ್ಯಾಗಿಂದು ನೀರಿಗೆ ಹೋತ್ರಿ. ನೀರಾಗಿಂದು ಈಗ ಗಾಳಿಗೆ ಬಂದೈತಿ. ಗಾಳೀನ ಯಾವುದ್ರಾಗ ತೊಳೀಲ್ರಿ, ಸಾಹೇಬ್ರ?”

ಈ ಪುಡಿ ವರ್ಷಗಟ್ಟಲೆ ಸಾಯುವುದಿಲ್ಲ, ಬಿಸಿಲಿಗೆ ಕಾದ ನೀರಿನಿಂದ ಆವಿಯಾಗಿ ಏಳುತ್ತದೆ ಎಂದು ಇಲಾಖೆಯ ಒಂದು ಕಾಗದದಲ್ಲಿ ಓದಿದ್ದೆ; ಓದಿ ಮಡಚಿಟ್ಟಿದ್ದೆ. ಉಸಿರು ಎಳೆಯಲೂ ಹೆದರಿಕೆಯಾಯಿತು. ರೋಜಿಯನ್ನೂ ಕೂಸನ್ನೂ ಇವತ್ತೇ ಮುಂಡಗೋಡಿನ ಅತ್ತೆಮನೆಗೆ ಕಳಿಸು, ಯಾರಿಗೂ ಏನೂ ಹೇಳಬೇಡ, ನನ್ನ ನೌಕರಿ ಹೋಗುತ್ತದೆ ಎಂದೆ.

“ಕೇರ್ಯಾಗ ಇನ್ನಾ ಐದು ಹಸಗೂಸು ಅದಾವ್ರಿ” ಎಂದಳು.

ಅಷ್ಟು ಹೇಳಿ ತಿರುಗಿ ನಡೆದಳು. ರೋಜಿಯನ್ನು ಬಸ್ಸಿಗೆ ಹತ್ತಿಸಿ, ಆ ಉರಿಬಿಸಿಲಿನಲ್ಲಿ ಒಂದೊಂದೇ ಮನೆಯ ಮುಂದೆ ನಿಂತು ಕೂಸುಗಳನ್ನು ಎತ್ತಿಕೊಂಡು ಹೊರಡಿ ಎಂದು ತಾಯಂದಿರನ್ನು ಕೂಗಿ ಕರೆಯತೊಡಗಿದಳು. ಅವಳ ದನಿ ನನ್ನ ಮನೆಯವರೆಗೂ ಕೇಳುತ್ತಿತ್ತು. ನಾನು ಕೆರೆಯ ಕಡೆಯ ಕಿಟಕಿ ಮುಚ್ಚಿಕೊಂಡು ಒಳಗೆ ಕುಳಿತೆ.