ಎಲೋಫನ ಹಸಿರು ಆಕಾಶ

ಸ್ವೀಡನ್ನಿನ ನಮ್ಮ ಉಮಿಯೊ ಊರಿನಲ್ಲಿ ಮೂರು ಜನ ಸೇರಿದರೆ ಒಂದು ಸಂಘ ಕಟ್ಟುತ್ತಾರೆ. ನಾಲ್ಕನೆಯವನು ಬಂದರೆ ಅವನಿಗೆ ಲೆಕ್ಕ ಪರಿಶೋಧಕನ ಹುದ್ದೆ. ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಆಟಗಳ ಸಂಘ ಹುಟ್ಟಿದ್ದೂ ಹಾಗೆಯೇ. ವಠಾರದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಆಳೆತ್ತರದ ಒಂದು ಪೆಟ್ಟಿಗೆ. ಅದರೊಳಗೆ ಆ ಹಳೆಯ ಆಟದ ಯಂತ್ರಗಳ ವೇಷ ಹಾಕಿ ಕುಣಿಯುವ ಒಂದು ಕಂಪ್ಯೂಟರು. ಹಳೆಯ ಸಾಮಾನಿನ ವ್ಯಾಪಾರಿಯಾದ ನಾನು ಸದಸ್ಯನಾದದ್ದು ಆಟದ ಮೇಲಿನ ಪ್ರೀತಿಯಿಂದ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ.

ಎಲೋಫ್ ಸುಂಡೆಲೀನ್ ಸಮುದ್ರದಾಚೆ ಫಿನ್ಲೆಂಡಿನ ವಾಸಾಕ್ಕೆ ಹೋಗಿಬರುವ ಹಡಗಿನಲ್ಲಿ ಅರ್ಧ ಆಯುಷ್ಯ ಮಾಂಸದುಂಡೆ ಹುರಿದವನು. ನಿವೃತ್ತನಾದ ಮೇಲೆ ಹುರಿಯಲು ನಾವೇ ಸಿಕ್ಕಿದೆವು. ಶರತ್ಕಾಲದ ಸಭೆಯಲ್ಲಿ ಅಧ್ಯಕ್ಷೆ ಗುನ್ವೋರ್, ಪ್ರತಿ ಆಟದ ಮೂಲಪ್ರತಿಯೊಂದನ್ನೇ ಇಟ್ಟುಕೊಂಡು ಬೇರೆ ದೇಶದವು, ಕಳ್ಳ ಕಾರ್ಖಾನೆಯವು ಎಂಬ ಮರಿಪ್ರತಿಗಳೆಲ್ಲವನ್ನೂ ಅಳಿಸೋಣ ಎಂದಳು. ಎಲೋಫ್ ಕೂಡದು ಎಂದ. ಕೂಡದು ಎಂದವನ ತಲೆಗೇ ಕೆಲಸ ಕಟ್ಟುವುದು ನಮ್ಮ ಸಂಘಗಳ ಸನಾತನ ಧರ್ಮ. ವಸಂತದಲ್ಲಿ ಸಂಘ ನಡೆಸುವ ಪ್ರದರ್ಶನದ ಹೊತ್ತಿಗೆ ಆಟದ ಫೈಲುಗಳನ್ನು ಜೋಡಿಸುವ ಭಾರ ಅವನದಾಯಿತು.

ಅವನು ಕೂಡದು ಎಂದದ್ದಕ್ಕೆ ಕಾರಣ ಒಂದು ಹೆಣ್ಣು. ಅದೇ ಹಡಗಿನ ಅತ್ತರಿನ ಅಂಗಡಿಯಲ್ಲಿದ್ದ ಪಿರ್ಕೋ. ಹಡಗಿನ ಮೂಲೆಯಲ್ಲಿದ್ದ ವಿಮಾನದಾಟದ ಯಂತ್ರದ ಅಂಕಪಟ್ಟಿಯಲ್ಲಿ ಅವಳ ಹೆಸರು ಸದಾ ಇವನ ಹೆಸರಿನ ಮೇಲೆ. ಆ ಆಟದ ಆಕಾಶ ಹಸಿರು. "ಅದೇ ಹಸಿರು ಆಕಾಶದ ಆಟ ನಮ್ಮ ಹತ್ರ ಇದೆ, ವಸಂತಕ್ಕೆ ಬಾ," ಎಂದು ಫೋನಿನಲ್ಲಿ ಕೊಚ್ಚಿಕೊಂಡಿದ್ದ. ಆಮೇಲೆ ತೆರೆದು ನೋಡಿದರೆ ಮೂಲಪ್ರತಿಯ ಆಕಾಶ ಹಳದಿ. ಹಸಿರಿನದು ಮಿಕ್ಕ ಮರಿಪ್ರತಿಗಳಲ್ಲಿ ಎಲ್ಲೋ ಅಡಗಿದೆ ಎಂದು ನಂಬಿದ.

"ಹೇಗಯ್ಯ ಜೋಡಿಸೋದು ಇದನ್ನ?" ಎಂದು ನನ್ನ ಅಂಗಡಿಗೆ ಬಂದ.

"ಮೂರು ದಾರಿ ಕಣೋ. ಮೂಲಪ್ರತಿ ತಾಯಿ, ಮರಿಪ್ರತಿಗಳು ಮಕ್ಕಳು ಅಂದ್ಕೋ. ತಾಯಿ ಮಕ್ಕಳು ಎಲ್ಲ ಒಂದೇ ಗಂಟಲ್ಲಿ, ಕೂಡುಕುಟುಂಬ. ಇಲ್ಲ, ಮಕ್ಕಳಿಗೆ ಬೇರೆ ಬೇರೆ ಗಂಟು, ಆದ್ರೆ ಉಪ್ಪು ಹುಳಿಗೆಲ್ಲ ತಾಯಿ ಮನೆಗೇ ಬರಬೇಕು. ಇಲ್ಲ, ಪ್ರತಿಯೊಬ್ಬರಿಗೂ ಪೂರ್ತಿ ಸಂಸಾರ, ಯಾರ ಹಂಗೂ ಇಲ್ಲ."

"ಯಾವುದು ಒಳ್ಳೇದು?"

"ಮೂರನೇದು," ಎಂದೆ. ಅದಕ್ಕೆ ದೊಡ್ಡ ಡಿಸ್ಕು ಬೇಕು. ಡಿಸ್ಕು ಮಾರುವವನು ನಾನು.

"ನಿನ್ನ ಕೇಳಿದ್ದು ನನ್ನದೇ ತಪ್ಪು," ಎಂದು ಹೊರಟ.

ಬರಿಗೈಲಿ ಹೋದವನು ಎರಡನೆಯ ದಾರಿ ಹಿಡಿದ. ಜಾಗ ಉಳಿಸಲು ಹಳದಿ ಆಕಾಶದ ಮೂಲಪ್ರತಿಯನ್ನೇ ಅಳಿಸಿದ. ತಾಯಿ ಹೋದಳು, ಮಕ್ಕಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು, ಒಂದು ಮರಿಪ್ರತಿಯೂ ತೆರೆಯಲಿಲ್ಲ. ಮರುದಿನ ಡಿಸ್ಕು ಕೊಳ್ಳಲು ಬಂದ. ನಾನು ಬಿಲ್ಲು ಬರೆದೆ. ಗಿರಾಕಿ ತಲೆ ತಗ್ಗಿಸಿ ನಿಂತಾಗ ಮಾತಾಡಬಾರದು.

ಮೂಲಪ್ರತಿಯನ್ನು ಮತ್ತೆ ತಂದು, ಚಳಿಗಾಲವಿಡೀ ಒಂದೊಂದು ಮರಿಗೂ ಪೂರ್ತಿ ಸಂಸಾರ ಹೂಡಿಕೊಟ್ಟು ತೆರೆದು ನೋಡಿದ. ಜಪಾನಿನದು ಹಳದಿ. ಜರ್ಮನಿಯದು ಹಳದಿ. ಇಟಲಿಯ ಕಳ್ಳಪ್ರತಿ, ಆ ಕಳ್ಳನಿಂದ ಇನ್ನೊಬ್ಬ ಕಳ್ಳ ಕದ್ದ ಪ್ರತಿ, ಅವೂ ಹಳದಿ. ಬಟ್ಟೆ ಒಗೆಯಲು ಬಂದವರು ಇಣುಕಿ, ಪಾಪ, ಮಂಕಾಗಿದ್ದಾನೆ ಎಂದುಕೊಂಡು ದಾಲ್ಚಿನ್ನಿ ಬನ್ನು ಕೊಟ್ಟು ಹೋಗುತ್ತಿದ್ದರು. ದುಃಖದಲ್ಲಿ ಅವನು ದಪ್ಪಗಾದ.

ಪ್ರದರ್ಶನದ ದಿನ ಪಿರ್ಕೋ ಬಂದಳು. ಕೋಟು ಕಳಚಿದಳು, ಕಾಫಿ ಕುಡಿದಳು, ಪೆಟ್ಟಿಗೆ ನೋಡಿದಳು.

"ಎಲ್ಲಪ್ಪಾ ಹಸಿರು?"

"ಸಿಗಲಿಲ್ಲ," ಎಂದ ಎಲೋಫ್. "ಇರೋ ಪ್ರತೀನೆಲ್ಲ ಜಾಲಾಡಿದೆ. ಆ ಹಡಗಿಗೆ ಅಂತಾನೇ ಯಾರೋ ಬೇರೆ ಮಾಡಿಕೊಟ್ಟಿರಬೇಕು."

"ಯಾರೋ ಅಲ್ಲ, ನೀನೇ ಮಾಡಿದ್ದು. ಸೋತ ಸಿಟ್ಟಿಗೆ ಪೆಟ್ಟಿಗೆಗೆ ಒದ್ದಿದ್ದು ಮರೆತ್ಯಾ? ಅವತ್ತಿಂದ ಅದರಲ್ಲಿ ಕೆಂಪು ಬಣ್ಣಾನೇ ಬರಲಿಲ್ಲ. ಪರದೇಲಿ ಕೆಂಪು ಹಸಿರು ಸೇರಿದ್ರೇ ಹಳದಿ, ಕೆಂಪು ಹೋಗಿ ಬರೀ ಹಸಿರು ಉಳೀತು. ರಿಪೇರಿ ಮಾಡೋರು ಬರಲೇ ಇಲ್ಲ. ನಾವು ಅಭ್ಯಾಸ ಮಾಡ್ಕೊಂಡ್ವಿ."

ಎಲೋಫ್ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಒಂದು ತಂತಿ ಸಡಿಲಾದದ್ದನ್ನು ಹುಡುಕಲು ಅವನಿಗೆ ಡಿಸ್ಕಿನಲ್ಲಿ ಸಾಮ್ರಾಜ್ಯದಷ್ಟು ಜಾಗ ಮಾರಿದ್ದೆ.

ಆಮೇಲೆ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಕೆಂಪು ಬಣ್ಣದ ತಂತಿ ಎಳೆದುಬಿಟ್ಟೆ. ಆಕಾಶ ಹಸಿರಾಯಿತು, ಹಳಸಿದ ಬಟಾಣಿ ಸಾರಿನ ಹಸಿರು.

"ಅದು ಸಂಘದ ಆಸ್ತಿ," ಎಂದಳು ಗುನ್ವೋರ್. "ಸಭೆಯ ಒಪ್ಪಿಗೆ ಇಲ್ಲದೆ ತಂತಿ ಕೀಳೋ ಹಾಗಿಲ್ಲ. ಅಂದ ಹಾಗೆ ಎಲೋಫ್, ಜೋಡಣೆ ಏನಾಯ್ತು? ವರದಿ ಬೇಕು ನಂಗೆ."

"ಎಲ್ಲಾನೂ ಒಂದೇ ಗಂಟು ಕಟ್ಟಿ ಮೂಲೇಲಿಡು ಗುನ್ವೋರಮ್ಮ," ಎಂದ ಎಲೋಫ್. ಕಣ್ಣು ಪರದೆ ಬಿಟ್ಟು ಕದಲಲಿಲ್ಲ. "ತಾಯಿ ಮಕ್ಕಳು ಚೆನ್ನಾಗಿರಲಿ. ನಂಗೆ ನನ್ನ ಸರದಿ ಬಂದ್ರೆ ಸಾಕು."

ಪೆಟ್ಟಿಗೆಯ ಮುಂದಿನ ಕುರ್ಚಿಯಲ್ಲಿ ಪಿರ್ಕೋ ಕೂತು ಆಡುತ್ತಿದ್ದಳು, ಅವಳ ವಿಮಾನ ಹಸಿರು ಆಕಾಶದಲ್ಲಿ ಹಾರುತ್ತಲೇ ಇತ್ತು. ಒಗೆಯುವ ಯಂತ್ರಗಳು ಎರಡು ಸುತ್ತು ಮುಗಿಸಿದವು. ಎಲೋಫ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಇನ್ನೂ ಎಷ್ಟು ಹೊತ್ತಮ್ಮಾ?"

"ಕಾಯ್ತಾ ಇರು," ಎಂದಳು ಪಿರ್ಕೋ, ತಿರುಗದೆ. "ಇನ್ನೂ ಸತ್ತಿಲ್ಲ ನಾನು."