ಐವತ್ತನಾಲ್ಕು ಡಿಗ್ರಿಯಲ್ಲಿ ಮೂರನೆಯ ಆಲ್ಬಮ್

ನನ್ನ ಹೆಂಡತಿಯ ತಮ್ಮ ಬೇಕರಿ ನಡೆಸುತ್ತಾನೆ. ಅವನು ಹುಟ್ಟಿದ್ದು 1966ರ ಏಪ್ರಿಲ್ 9ರಂದು; ಆ ಬೇಕರಿಗೆ ಕೆಲಸಗಾರನಾಗಿ ಸೇರಿದ್ದು 1991ರ ಮೇ 6ರಂದು; ಅದರ ಮಾಲೀಕನಾದದ್ದು 2004ರ ಅಕ್ಟೋಬರ್ 1ರಂದು. ಹಿಟ್ಟನ್ನು ಗ್ರಾಮು ತಪ್ಪದಂತೆ ತೂಗುವ, ಗಿರಾಕಿಗಳೊಡನೆ ಮೆಲುದನಿಯಲ್ಲಿ ಮಾತನಾಡುವ ಈ ಮನುಷ್ಯ ಒಂದು ಕಾಲಕ್ಕೆ ‘ಕುಲುಮೆ’ ಎಂಬ ಹೆವಿ ಮೆಟಲ್ ತಂಡದ ಡ್ರಮ್ಮರ್ ಆಗಿದ್ದನೆಂದರೆ ಯಾರೂ ನಂಬುವುದಿಲ್ಲ. ಆಗ ಊರೆಲ್ಲ ಅವನನ್ನು ‘ಗುಡುಗು’ ಎನ್ನುತ್ತಿತ್ತು. ಈಗ ಹಾಗೆ ಕರೆಯುವವಳು ಅವನ ಅಕ್ಕ ಮಾತ್ರ, ಅದೂ ಕೆಣಕಬೇಕೆನಿಸಿದಾಗ.

ತಂಡ ಹೊರತಂದದ್ದು ಎರಡೇ ಆಲ್ಬಮ್. ಮೊದಲನೆಯದಾದ ‘ಬಿಸಿ ಕಬ್ಬಿಣ’ 1987ರ ಸೆಪ್ಟೆಂಬರ್ 12, ಶನಿವಾರ ಬಿಡುಗಡೆಯಾಯಿತು. ಎರಡೇ ದಿನದಲ್ಲಿ ಧ್ವನಿಮುದ್ರಿಸಿದ್ದು. ಹಾಡುಗಾರನ ದನಿ ಎಲ್ಲೋ ಬಾವಿಯಿಂದ ಬಂದಂತಿದೆ, ಉಳಿದದ್ದೆಲ್ಲ ಪಾತ್ರೆ ಅಂಗಡಿಯ ಕಪಾಟು ಉರುಳಿಬಿದ್ದಂತಿದೆ. ಎರಡನೆಯದಾದ ‘ಹದಿನೇಳನೆಯ ಮಹಡಿ’ ಬಂದದ್ದು 1989ರ ಜೂನ್ 3ರಂದು. ಅದರಲ್ಲಿ ಒಂಬತ್ತು ಹಾಡುಗಳು, ಒಟ್ಟು ನಲವತ್ತೊಂದು ನಿಮಿಷ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಗಿಟಾರೂ ಡ್ರಮ್ಮೂ ಒಂದಕ್ಕೊಂದು ಕಾಯುವುದನ್ನು ಕಲಿತಿದ್ದವು. ಆ ಸಂಗೀತವನ್ನು ಗದ್ದಲವೆಂದೇ ಬಗೆದಿದ್ದ ನಾನು ಕೂಡ ಮೂರನೆಯ ಹಾಡನ್ನು ಎರಡು ಸಲ ಕೇಳಿದೆ, ಯಾರಿಗೂ ಹೇಳಲಿಲ್ಲ.

ಮೂರನೆಯದನ್ನು 1991ರ ಫೆಬ್ರುವರಿ 18ರಿಂದ 22ರವರೆಗೆ ಮುದ್ರಿಸಿದರು. ಮರುದಿನ, ಶನಿವಾರ, ನಾಲ್ವರೂ ಸ್ಟುಡಿಯೋದಲ್ಲೇ ಕೂತು ಕೇಳಿದರು. ಕೊನೆಯ ಹಾಡು ಮುಗಿಯುತ್ತಲೇ ಗಿಟಾರ್ ನುಡಿಸುತ್ತಿದ್ದವನು ಎದ್ದು ನಿಂತ. ಎತ್ತರದಿಂದಾಗಿ ಅವನಿಗೆ ‘ಕಂಬ’ ಎಂದೇ ಹೆಸರು. ಮುಂದೆ ಲಿಫ್ಟ್ ರಿಪೇರಿಯ ಕೆಲಸ ಹಿಡಿದವನು.

“ನೀನು ಡ್ರಮ್ ಬಾರಿಸ್ತಿದ್ದೀಯೋ, ಬಸ್ ತಪ್ಪಿಹೋಗುತ್ತೆ ಅಂತ ಓಡ್ತಿದ್ದೀಯೋ? ಇಡೀ ಆಲ್ಬಮ್ಮೇ ಹಾಳು ಮಾಡ್ದೆ” ಎಂದ.

ಗುಡುಗು ಮೆಟ್ಟಿಲಿಳಿದು ಹೊರಟುಹೋದ. ಆಲ್ಬಮ್ ಬರಲಿಲ್ಲ. ತಂಡ ಒಡೆಯಿತು. ಹಾಡುಗಾರ ಪರದೇಶ ಸೇರಿದ. ನಾಲ್ಕನೆಯವನು ಸಂಗೀತದಿಂದಲೇ ಕೈತೊಳೆದುಕೊಂಡ.

ಅಂದಿನಿಂದ ನನ್ನ ಭಾವಮೈದುನನಿಗೆ ಆತುರವೆಂದರೆ ಭಯ. ಬೇಕರಿಯಲ್ಲಿ ರೇಡಿಯೋ ಇಡಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದ್ದನ್ನೂ ನಾನು ಕಂಡಿಲ್ಲ. ಮದುವೆಯಾದದ್ದೂ ನಲವತ್ತೊಂದನೆಯ ವಯಸ್ಸಿನಲ್ಲಿ. “ಹೂಂ ಅನ್ನೋಕೆ ಎರಡು ವರ್ಷ ತಗೊಂಡ ಪುಣ್ಯಾತ್ಮ” ಎಂದು ಅವನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

2023ರ ಮಾರ್ಚ್ 9, ಗುರುವಾರ, ನಾನು ಬ್ರೆಡ್ ಕೊಳ್ಳಲು ಹೋಗಿದ್ದಾಗ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಂದು ಎರಡು ಚಪ್ಪಟೆ ಡಬ್ಬಗಳನ್ನು ಕೌಂಟರಿನ ಮೇಲಿಟ್ಟಳು.

“ಅಂಕಲ್, ಇವನ್ನ ಸ್ವಲ್ಪ ಬೇಯಿಸಿಕೊಡ್ತೀರಾ?”

“ಏನಮ್ಮ ಇದು, ಕೇಕಾ?”

“ನಿಮ್ಮ ಮೂರನೇ ಆಲ್ಬಮ್.”

ಆ ಕಾಲದ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರ ಮಗಳು ಅವಳು. ತಂದೆ ಹಿಂದಿನ ವರ್ಷ ತೀರಿಕೊಂಡ ಮೇಲೆ ಸ್ಟುಡಿಯೋ ಅವಳ ಕೈಗೆ ಬಂದಿತ್ತು. ಕಪಾಟು ತೆಗೆದಾಗ ಈ ಟೇಪುಗಳು ಸಿಕ್ಕಿದ್ದವು. ಹಳೆಯ ಟೇಪಿನ ಅಂಟು ತೇವ ಹೀರಿ ಜಿಗುಟಾಗುತ್ತದಂತೆ. ಹಾಗೇ ಯಂತ್ರಕ್ಕೆ ಹಾಕಿದರೆ ಧ್ವನಿ ಹಿಡಿದ ಪದರವೇ ಕಿತ್ತುಬರುತ್ತದಂತೆ. ಐವತ್ತನಾಲ್ಕು ಡಿಗ್ರಿಯ ಒಣ ಶಾಖದಲ್ಲಿ ಎಂಟು ಗಂಟೆ ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಸುಸ್ಥಿತಿಗೆ ಬರುತ್ತದೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು.

“ಮನೆ ಓವನ್ ಶಾಖ ಮೇಲೆ ಕೆಳಗೆ ಕುಣಿಯುತ್ತೆ. ನೀವು ರಸ್ಕ್ ಒಣಗಿಸೋ ಓವನ್ ಹಾಗಲ್ಲ. ಕಂಬ ಅಂಕಲ್‌ಗೂ ಹೇಳಿದ್ದೀನಿ, ಬುಧವಾರ ಕೇಳೋಕೆ ಬರ್ತಾರೆ” ಎಂದು ಹೇಳಿ ಅವಳು ಹೊರಟಳು.

ನನ್ನ ಭಾವಮೈದುನನ ಮುಖ ಹಿಟ್ಟಿನಷ್ಟೇ ಬೆಳ್ಳಗಾಗಿತ್ತು.

“ಭಾವ, ಮಂಗಳವಾರ ಬೇಕರಿಗೆ ರಜ. ನೀವು ಬಂದು ಓವನ್ ಮುಂದೆ ಕೂತ್ಕೋಬೇಕು.”

“ನನಗೇನಯ್ಯ ಗೊತ್ತು ನಿನ್ನ ಕೆಲಸ?”

“ಥರ್ಮಾಮೀಟರ್ ನೋಡ್ತಾ ಇದ್ರೆ ಸಾಕು. ಶಾಖ ಜಾಸ್ತಿ ಆದ್ರೆ ಟೇಪ್ ಮುದುಡಿಹೋಗುತ್ತೆ. ಒಂದು ಗುಂಡಿ ತಿರುಗಿಸಿಬಿಟ್ರೆ ನಾನು ಓಡಿದ್ದು ಇನ್ನು ಯಾರಿಗೂ ಕೇಳಿಸಲ್ಲ.” ಡಬ್ಬಗಳನ್ನು ಪಕ್ಕಕ್ಕೆ ಸರಿಸಿ, “ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಭಾವ” ಎಂದ.

ಮಾರ್ಚ್ 14ರ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಟೇಪುಗಳು ಓವನ್ ಸೇರಿದವು. ಕಾಲುಗಂಟೆಗೊಮ್ಮೆ ನಾನು ಶಾಖವನ್ನು ಬರೆದುಕೊಂಡೆ. ಅವನು ಎದುರಿನ ಸ್ಟೂಲಿನಲ್ಲಿ ಕೂತು, ಆಗಲೇ ಹೊಳೆಯುತ್ತಿದ್ದ ತಟ್ಟೆಗಳನ್ನು ಮತ್ತೆ ಮತ್ತೆ ಉಜ್ಜಿದ. ಹನ್ನೆರಡೂವರೆಗೆ ಊಟದ ಡಬ್ಬಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು.

“ಏನೋ ಗುಡುಗು, ಭಾವನ್ನ ಕಾವಲಿಗೆ ಕೂರಿಸಿದ್ದೀಯ? ಮನೇಲಿ ಹಾಲು ಉಕ್ಕಿ ಹರಿದ್ರೂ ತಲೆ ಎತ್ತಿ ನೋಡದ ಮನುಷ್ಯ ಕಣೋ ಇವರು!”

ಅವನು ನಗಲಿಲ್ಲ. ಊಟವೂ ಸೇರಲಿಲ್ಲ.

ಒಂದು ಗಂಟೆ ನಲವತ್ತು ನಿಮಿಷಕ್ಕೆ ಎದ್ದುಹೋಗಿ ಓವನ್ನಿನ ಗುಂಡಿಯ ಮೇಲೆ ಕೈಯಿಟ್ಟ. ಇಟ್ಟ ಕೈ ತೆಗೆಯಲಿಲ್ಲ. ಕಾವಲಿಗೆಂದು ಕೂತ ನನಗೆ ಏಳಬೇಕೋ ಕೂಗಬೇಕೋ ತಿಳಿಯಲಿಲ್ಲ.

“ಎಷ್ಟಿದೆ ಭಾವ?” ಎಂದು ತಿರುಗದೆಯೇ ಕೇಳಿದ.

“ಐವತ್ತೈದು.”

“ಒಂದು ಜಾಸ್ತಿ ಆಯ್ತು.”

ಗುಂಡಿಯನ್ನು ಕೂದಲೆಳೆಯಷ್ಟು ಕೆಳಕ್ಕೆ ತಿರುಗಿಸಿ ಬಂದು ಕೂತ. ಡಬ್ಬಿಯಲ್ಲಿ ತಣ್ಣಗಾಗಿದ್ದ ಊಟವನ್ನು ಒಂದಗುಳೂ ಬಿಡದೆ ತಿಂದ. ಐದು ಗಂಟೆ ಐದು ನಿಮಿಷಕ್ಕೆ ಓವನ್ ಆರಿಸಿದೆವು; ಟೇಪುಗಳು ಮರುದಿನದವರೆಗೆ ತಣಿಯಲೆಂದು ಅಲ್ಲೇ ಬಿಟ್ಟೆವು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಟುಡಿಯೋದಲ್ಲಿ ಸೇರಿದೆವು. ಗೋಡೆಗಳಿಗೆಲ್ಲ ಜಮಖಾನೆ ಹೊದಿಸಿದ ಇಕ್ಕಟ್ಟಾದ ಕೋಣೆ. ಕಂಬ ಆಗಲೇ ಬಂದಿದ್ದ. ಇಬ್ಬರೂ ಅಡಿಯಿಂದ ಮುಡಿಯವರೆಗೆ ಒಬ್ಬರನ್ನೊಬ್ಬರು ನೋಡಿಕೊಂಡರು.

“ದಪ್ಪ ಆಗಿದ್ದೀಯ” ಎಂದ ಕಂಬ.

“ನೀನು ಬಗ್ಗಿದ್ದೀಯ” ಎಂದ ಇವನು.

ಮೂವತ್ತೆರಡು ವರ್ಷ ಇಪ್ಪತ್ತು ದಿನಗಳ ಬಳಿಕ ಆಡಿದ ಮಾತು ಅಷ್ಟೇ. ಟೇಪು ಸುಸೂತ್ರವಾಗಿ ತಿರುಗಿತು. ಆರು ಹಾಡುಗಳು ಮುಗಿದು ಏಳನೆಯದು, ಕೊನೆಯದು, ಶುರುವಾದಾಗ ನಾನು ಕೈಗಡಿಯಾರ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು ಏಟುಗಳನ್ನು ಎಣಿಸಿದೆ. ಮೊದಲ ನಿಮಿಷದಲ್ಲಿ ಎಂಬತ್ತನಾಲ್ಕು. ನಾಲ್ಕನೆಯ ನಿಮಿಷದಲ್ಲಿ ತೊಂಬತ್ತೆರಡು. ಆಪಾದನೆ ಸುಳ್ಳಾಗಿರಲಿಲ್ಲ. ಕಣ್ಣುಮುಚ್ಚಿ ಕೂತಿದ್ದ ಭಾವಮೈದುನನಿಗೆ ನನ್ನ ಎಣಿಕೆಯ ಹಂಗು ಬೇಕಿರಲಿಲ್ಲ.

“ಓಡಿದ್ದೀನಿ” ಎಂದ. “ಮೂರನೇ ನಿಮಿಷದಿಂದ.”

ಕಂಬ ಮತ್ತೊಮ್ಮೆ ಹಾಕೆಂದು ಕೈಸನ್ನೆ ಮಾಡಿದ. ಮೂರನೆಯ ನಿಮಿಷದಲ್ಲಿ ಡ್ರಮ್ ವೇಗ ಹಿಡಿಯುತ್ತದೆ. ಅಲ್ಲಿಂದಲೇ ಗಿಟಾರು ಒಂಟಿಯಾಗಿ ಮೇಲೇಳುತ್ತದೆ. ಕೇಳುತ್ತ ಕಂಬ ತನ್ನ ಎಡಗೈ ಬೆರಳುಗಳನ್ನು ಬಲಗೈಯಲ್ಲಿ ಒತ್ತಿಹಿಡಿದುಕೊಂಡ.

“ಇದೇನು ದೊಡ್ಡ ವಿಷಯ ಅಲ್ಲ ಅಂಕಲ್” ಎಂದಳು ಸ್ಟುಡಿಯೋದವಳು. “ಹತ್ತು ನಿಮಿಷ ಕೊಡಿ, ಕಂಪ್ಯೂಟರ್‌ನಲ್ಲಿ ವೇಗ ಸರಿ ಮಾಡಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಮಾಡಿಬಿಡಮ್ಮ” ಎಂದ ನನ್ನ ಭಾವಮೈದುನ, ಕಾಯುತ್ತಿದ್ದವನಂತೆ.

“ಮುಟ್ಟಬೇಡ!” ಕಂಬನ ದನಿಗೆ ನಾವು ಮೂವರೂ ಬೆಚ್ಚಿದೆವು. “ನೀನು ಓಡಿದ್ದು ನಿಜ ಕಣೋ. ಇಲ್ಲ ಅನ್ನಲ್ಲ. ಆದ್ರೆ ನೀನು ಓಡ್ದೆ ಅಂತ ತಾನೇ ನಾನೂ ಓಡಿದ್ದು? ಆ ಗಿಟಾರ್ ಕೇಳು. ಆಮೇಲೆ ಎಷ್ಟು ವರ್ಷ ಮನೇಲಿ ಕೂತು ಪ್ರಯತ್ನಪಟ್ಟೆ, ಆ ಥರ ಬರಲೇ ಇಲ್ಲ. ಅಟ್ಟಿಸಿಕೊಂಡು ಬರೋಕೆ ಹಿಂದೆ ನೀನಿರಲಿಲ್ಲವಲ್ಲ.”

“ಮತ್ತೆ ಅವತ್ತು ಯಾಕೋ ಹಾಗಂದೆ?”

“ಇಪ್ಪತ್ತಾರು ವರ್ಷ ನನಗೆ. ಗಡಿಯಾರ ನೋಡ್ತಿದ್ದೆ, ಹಾಡು ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು ಅನ್ನೋಕೆ ಎಷ್ಟೋ ಸಲ ನಿನ್ನ ಬೇಕರಿ ತನಕ ಬಂದು ವಾಪಸ್ ಹೋಗಿದ್ದೀನಿ.”

ನಾನು ಸದ್ದಾಗದಂತೆ ಕೈಗಡಿಯಾರವನ್ನು ಜೇಬಿಗೆ ಸೇರಿಸಿದೆ.

“ಒಳಗೆ ಬಂದಿದ್ರೆ ರಸ್ಕಾದ್ರೂ ಕೊಡ್ತಿದ್ದೆ.”

“ಅದನ್ನ ಬಿಟ್ಟಿದ್ದೀನಾ? ಹೆಂಡತಿ ಕೈಲಿ ತರಿಸಿ ತಿಂತಾ ಇದ್ದೀನಿ, ಹದಿನೈದು ವರ್ಷದಿಂದ.”

ಮೊದಲು ನಕ್ಕವಳು ಸ್ಟುಡಿಯೋದವಳು. ಆಮೇಲೆ ನನ್ನ ಭಾವಮೈದುನ ನಕ್ಕ. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, “ಹಾಗೇ ಇರಲಿ ಬಿಡಮ್ಮ” ಎಂದ.

ಆಲ್ಬಮ್ 2023ರ ಸೆಪ್ಟೆಂಬರ್ 2, ಶನಿವಾರ ಹೊರಬಂದಿತು. ಒಂದು ಏಟನ್ನೂ ತಿದ್ದಿಲ್ಲ. ಮೂರರಲ್ಲಿ ಇದೇ ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ಈ ಸಲ ಎಲ್ಲರಿಗೂ ಹೇಳುತ್ತಿದ್ದೇನೆ. ಅದಕ್ಕೂ ಮೊದಲೇ, ಮೇ 2ರ ಮಂಗಳವಾರದಿಂದ, ಅವರಿಬ್ಬರೂ ವಾರಕ್ಕೊಮ್ಮೆ ಸ್ಟುಡಿಯೋದಲ್ಲಿ ಸೇರತೊಡಗಿದ್ದರು. ಮೊದಲ ದಿನದ ಅಭ್ಯಾಸ ಮುಗಿಸಿ ಅವನು ನೇರವಾಗಿ ನಮ್ಮ ಮನೆಗೆ ಬಂದ. ಅಂಗೈಯಲ್ಲಿ ಎರಡು ಬೊಕ್ಕೆ ಎದ್ದಿದ್ದವು.

“ಹೇಗಾಯ್ತೋ?” ಎಂದಳು ನನ್ನ ಹೆಂಡತಿ.

“ಕೈ ತುಂಬಾ ನಿಧಾನ ಆಗಿಬಿಟ್ಟಿದೆ ಅಕ್ಕ. ಓಡೋ, ಓಡೋ ಅಂತ ಬೈತಾನೆ ಕಂಬ” ಎಂದು ಅವನು ಹೆಮ್ಮೆಯಿಂದ ಹೇಳಿದ.