ಎರಡನೇ ಯಂತ್ರದ ಚುಕ್ಕೆಗಳು

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಯ ಕಟ್ಟಡವೊಂದರಲ್ಲಿ, ಒಂದು ಕಾಲಕ್ಕೆ ಯಾರದೋ ಅಡುಗೆಮನೆಯಾಗಿದ್ದ ಕೋಣೆಯಲ್ಲಿ, ನಾನು ನಾಲ್ಕು ಸರ್ವರುಗಳನ್ನು ಸಾಕಿಕೊಂಡಿದ್ದೆ. ಸಾಕುವುದು ಅಂದರೆ ಸಾಕುವುದೇ. ಹಗಲಿರುಳು ತಂಪು ಬೇಕು, ಕರೆಂಟು ಹೋದರೆ ಕೂಗುತ್ತವೆ, ನಾನು ರಜೆಯಲ್ಲಿ ಕುಮಟೆಗೆ ಹೋದಾಗಲೇ ಕಾಯಿಲೆ ಬೀಳುತ್ತವೆ. ಕಂಪನಿ ಭಟ್ಕಳದ ಸಾಹೇಬರದು, ಸಗಟು ಬಟ್ಟೆ ವ್ಯಾಪಾರ. ನಾಲ್ಕು ಯಂತ್ರಗಳಿಗೂ ಸೇರಿ ಕೀಬೋರ್ಡು ಒಂದು, ಪರದೆ ಒಂದು, ಮೌಸ್ ಒಂದು. ನಡುವೆ ಊಟದ ಡಬ್ಬಿಯಷ್ಟು ದೊಡ್ಡ ಸ್ವಿಚ್ ಪೆಟ್ಟಿಗೆ, ಅದರ ಮೇಲೆ ನಾಲ್ಕು ಗುಂಡಿ. ಎರಡನ್ನು ಒತ್ತಿದರೆ ನಿಮ್ಮ ಮಾತು ಎರಡನೇ ಯಂತ್ರಕ್ಕೆ, ಮೂರನ್ನು ಒತ್ತಿದರೆ ಮೂರಕ್ಕೆ. ಒಂದೇ ಬಾಯಿ, ನಾಲ್ಕು ಜೋಡಿ ಕಿವಿ. ಯಾರ ಕಿವಿಗೆ ಬೀಳುತ್ತಿದೆ ಎಂದು ಗೊತ್ತಿರುವವರೆಗೆ ಚೆಂದದ ಏರ್ಪಾಡು.

ಅದು ನನಗೆ ಗೊತ್ತಿಲ್ಲದ ಹಾಗಾಯಿತು. ಕಚೇರಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಿಡುವು. ಹೊರಡುವಾಗ ನಾನು ಪರದೆಯನ್ನು ಬೀಗವಿಲ್ಲದ, ನಿರುಪದ್ರವಿಯಾದ ಮೂರನೇ ಯಂತ್ರದ ಮೇಲೆ ಬಿಟ್ಟು ಹೋಗುತ್ತಿದ್ದೆ. ಕೆಲವು ದಿನ ಮರಳಿ ಬಂದು ನೋಡಿದರೆ ಪರದೆ ಬೇರೆ ಯಂತ್ರಕ್ಕೆ ಜಿಗಿದಿರುತ್ತಿತ್ತು. ಆರಂಭದಲ್ಲಿ ಬಹಳ ವಾರ ಒಂದನೆಯದಕ್ಕೆ. ರಮ್ಜಾನ್ ಕಳೆದ ಮೇಲೆ ಎರಡನೆಯದಕ್ಕೆ. ಎರಡನೆಯದರಲ್ಲಿ ಕಂಪನಿಯ ಲೆಕ್ಕಪತ್ರವೆಲ್ಲ ಇತ್ತು. ಅದು ಬೀಗ ಹಾಕಿಕೊಂಡೇ ಇರುತ್ತಿತ್ತು ಎನ್ನಿ, ಆದರೆ ಪಾಸ್‌ವರ್ಡ್ ಬರೆಯುವ ಪಟ್ಟಿಯಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. ಯಾರೋ ಏನೋ ಬರೆದಿದ್ದಾರೆ. ಏನು ಎಂದು ಯಂತ್ರ ಹೇಳುವುದಿಲ್ಲ, ಅದರ ಧರ್ಮವೇ ಅದು. ಚುಕ್ಕೆಗಳನ್ನು ನೋಡುತ್ತ ನಾನು ಕಳ್ಳನನ್ನು ಕಂಡೆ, ದುಬೈಯ ಎದುರಾಳಿ ವ್ಯಾಪಾರಿಯ ಗೂಢಚಾರನನ್ನು ಕಂಡೆ, ವೀಸಾ ರದ್ದಾಗಿ ವಿಮಾನದಲ್ಲಿ ಕೂತ ನನ್ನನ್ನೂ ಕಂಡೆ.

ಇಷ್ಟು ಹೆದರಲು ಒಂದು ಕಾರಣವಿತ್ತು. ಹಳೆಯ ಮೂರನೇ ಯಂತ್ರವನ್ನು ಪೂರ್ತಿ ಅಳಿಸಿ, ಗೋದಾಮಿನ ಕ್ಯಾಮೆರಾಗಳಿಗೆ ಸಜ್ಜುಮಾಡಬೇಕೆಂದು ಸಾಹೇಬರ ಅಪ್ಪಣೆಯಾಗಿತ್ತು. ಒಮ್ಮೆ ಅಳಿಸಿದ್ದು ಮತ್ತೆ ಬಾರದು. ನಾನು ಮೂರು ಎಂದುಕೊಂಡು ಎಂಟರ್ ಒತ್ತುವ ಹೊತ್ತಿಗೆ ಪೆಟ್ಟಿಗೆ ತಾನಾಗಿ ಎರಡಕ್ಕೆ ಜಿಗಿದರೆ?

ಹಾಗಂತ ಯಂತ್ರವನ್ನು ತೆರೆದು ನೋಡದೆ ಕೂತವನಲ್ಲ ನಾನು. ಮೂರರಲ್ಲಿ ಅರಬ್ಬಿ ಲಿಪಿಯ ಹೆಸರಿದ್ದ ಕೆಲವು ಕಡತಗಳು ಕಂಡವು. ನನಗೆ ಆ ಲಿಪಿಯಲ್ಲಿ ಬಲಗಡೆಯಿಂದ ಶುರುವಾಗುತ್ತದೆ ಎನ್ನುವುದರ ಆಚೆ ಏನೂ ಗೊತ್ತಿಲ್ಲ. ಸಾಹೇಬರನ್ನೇ ಕೇಳಿದೆ.

"ಹಳೇ ಪಿಆರ್‌ಓ ಬರ್ದ ವೀಸಾ ಕಾಗ್ದ ಇರ್ಬೇಕು. ಖಲಾಸ್ ಮಾಡಿ," ಎಂದರು. ಪಿಆರ್‌ಓ ಅಂದರೆ ಇಲ್ಲಿ ವೀಸಾ ಕೆಲಸಕ್ಕೆ ಸರಕಾರಿ ಕಚೇರಿಗಳಿಗೆ ಓಡಾಡುವ ನೌಕರ.

"ಒಂದ್ಸಲ ನೀವೇ ನೋಡಿದ್ರೆ..."

"ಎಂತ ಮಾರಾಯ್ರೆ, ಎಂಟರ್ ಒತ್ತೂಕೂ ವೀಸಾ ಬೇಕಾ ನಿಮ್ಗೆ?"

ನಾನು ಒತ್ತಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು, ಅದನ್ನು ಮಾರಿದ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಗೇ ಹೋದೆ. ಅಲ್ಲಿ ಪುತ್ತೂರು ಕಡೆಯ ಬ್ಯಾರಿ ಹುಡುಗನೊಬ್ಬ ಕೌಂಟರಿನಲ್ಲಿದ್ದ. ಅದನ್ನು ತನ್ನ ಮೇಜಿನ ಯಂತ್ರಗಳಿಗೆ ಜೋಡಿಸಿ ಚಹಾ ಮುಗಿಯುವಷ್ಟು ಹೊತ್ತು ಗಮನಿಸಿದ. ಪೆಟ್ಟಿಗೆ ದೇವರ ಕೋಣೆಯ ದೀಪದ ಹಾಗೆ ಅಲ್ಲಾಡದೆ ಕೂತಿತ್ತು.

"ಇದಕ್ಕೆ ಎಂತದೂ ಆಗ್ಲಿಲ್ಲ ಸಾರ್. ಮಾಫಿ ಮುಶ್ಕಿಲ್. ಯಾರಾದ್ರೂ ಗುಂಡಿ ಒತ್ತಿರ್ಬೇಕು."

"ಗುಂಡಿಗೆ ನಾನು ಟೇಪು ಅಂಟಿಸಿ ಹೋಗಿದ್ದೆ. ಟೇಪು ಹಾಗೇ ಇತ್ತು."

ಅವನು ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. "ಟೇಪಾ? ಹಾಗಾದ್ರೆ ಕೀಬೋರ್ಡಿಂದ. ಕಂಟ್ರೋಲ್ ಎರಡು ಸಲ ಒತ್ತಿ, ಮತ್ತೆ ಯಂತ್ರದ ನಂಬರ್ ಒತ್ತಿದ್ರೂ ಇದು ಬದಲಾಗ್ತದೆ."

"ಹಾಗೆ ಯಾರು ಒತ್ತುತ್ತಾರೆ?"

"ಅದು ಪೆಟ್ಟಿಗೆಗೆ ಹೇಗೆ ಗೊತ್ತಾಗ್ಬೇಕು?"

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಬಂಗಡೆಗೆ ಮಸಾಲೆ ಹಚ್ಚುತ್ತಿದ್ದಳು. "ಗ್ಯಾಸು ಆಫ್ ಮಾಡಿದ್ರೋ ಇಲ್ವೋ ಅಂತ ಲಿಫ್ಟಿಂದ ಮೂರು ಸಲ ತಿರುಗಿ ಬರೂ ಗಿರಾಕಿ ನೀವು," ಎಂದಳು. "ಅಷ್ಟು ಸಂಶಯ ಇದ್ರೆ ಮಧ್ಯಾಹ್ನ ಅಲ್ಲೇ ಕೂತು ನೋಡೂಕೆ ಎಂತ ರೋಗ? ಇಲ್ಲಿಗೆ ಬಂದು ನಿದ್ದೆ ಮಾಡೂದೇ ಅಲ್ವಾ?"

ವರ್ಷಗಟ್ಟಲೆ ದೋಷ ಹುಡುಕುವ ಉದ್ಯೋಗ ಮಾಡಿದವನಿಗೆ, ದೋಷ ಆಗುವ ಹೊತ್ತಿನಲ್ಲಿ ಅಲ್ಲಿ ಇರಬಹುದು ಎಂಬುದು ಹೊಳೆದಿರಲಿಲ್ಲ.

ಮರುದಿನ ಬುತ್ತಿ ಕಟ್ಟಿಸಿಕೊಂಡು ಹೋದೆ. ಪೆಟ್ಟಿಗೆಯನ್ನು ಮರಳಿ ಜೋಡಿಸಿ, ಪರದೆಯನ್ನು ಮೂರರ ಮೇಲೆ ಬಿಟ್ಟು, ಗುಂಡಿಗಳಿಗೆ ಮತ್ತೆ ಟೇಪು ಅಂಟಿಸಿದೆ. ಎಲ್ಲರೂ ಹೊರಟ ಮೇಲೆ ಸ್ಯಾಂಪಲ್ ಬಟ್ಟೆಗಳ ಕೋಣೆಯಲ್ಲಿ, ಅಬಾಯಾ ಬಟ್ಟೆಯ ಥಾನುಗಳ ನಡುವೆ ಕೂತು ಮೊಸರನ್ನ ಉಂಡೆ. ಎಷ್ಟೋ ಹೊತ್ತಿಗೆ ಸರ್ವರ್ ಕೋಣೆಯ ಬಾಗಿಲು ತೆರೆದು ಮುಚ್ಚಿದ ಸದ್ದು. ಥಾನುಗಳ ನಡುವಿನಿಂದ ಎದ್ದು, ಸದ್ದಾಗದಂತೆ ಅತ್ತ ನಡೆದೆ. ಬಾಗಿಲಿಗೆ ಕಿವಿಗೊಟ್ಟೆ. ಕಳ್ಳನ ಪಿಸುಮಾತು ಕೇಳಬಹುದೆಂದು ಕಾದವನಿಗೆ ಕೇಳಿಸಿದ್ದು ಮುದುಕಿಯೊಬ್ಬಳ ಹಾಡು.

ಭಯವೆಲ್ಲ ಒಮ್ಮೆಗೇ ಕುತೂಹಲವಾಯಿತು. ಬಾಗಿಲು ತಳ್ಳಿದೆ.

ಕೀಬೋರ್ಡಿನ ಮುಂದೆ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ಮೊಬೈಲು, ಹಾಡು ಅದರೊಳಗಿಂದ ಬರುತ್ತಿತ್ತು. ಅವರು ತೋರುಬೆರಳೊಂದರಿಂದ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿದ್ದರು. ಕಣ್ಣು ಕೀಬೋರ್ಡಿನ ಮೇಲೆ. ಪರದೆಯಲ್ಲಿ ಎರಡನೇ ಯಂತ್ರದ ಪಾಸ್‌ವರ್ಡ್ ಪಟ್ಟಿ, ಅದರಲ್ಲಿ ಒಂದೊಂದಾಗಿ ಹುಟ್ಟುತ್ತಿದ್ದ ಚುಕ್ಕೆಗಳು.

"ಸಾಹೇಬ್ರೆ, ಮೇಲೆ ನೋಡಿ," ಎಂದೆ.

ನೋಡಿದರು. ನನ್ನನ್ನು ಕಂಡದ್ದಕ್ಕಿಂತ ಚುಕ್ಕೆಗಳನ್ನು ಕಂಡೇ ಹೆಚ್ಚು ಬೇಸರಪಟ್ಟರು. "ಹಾಳಾದ್ದು, ಇವತ್ತೂ ಬಾಗ್ಲು ಹಾಕ್ತು! ಇದು ಹೀಗೆ ಮಾಡಿದ್ರೆ ಅವತ್ತಿನ ಹಾಡು ಹೋದ ಹಾಗೇ."

ಭಟ್ಕಳದ ಮದುವೆಮನೆಗಳಲ್ಲಿ ಹೆಂಗಸರು ಹೇಳುವ ನವಾಯತಿ ಹಾಡುಗಳು ಅವರ ತಾಯಿಗೆ ಬಾಯಿಪಾಠವಂತೆ. ತಾಯಿಯ ನಂತರ ಅವನ್ನು ಹೇಳುವವರಿಲ್ಲ. ಇಲ್ಲಿಯ ಮಕ್ಕಳು ನವಾಯತಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಅದಕ್ಕೇ ತಾಯಿ ಫೋನಿನಲ್ಲಿ ಹಾಡುವುದು, ಮಗ ಈ ತಂಪು ಕೋಣೆಯಲ್ಲಿ ಕೂತು ಬರೆದಿಡುವುದು. ನವಾಯತಿಯನ್ನು ಬರೆಯುವುದು ಬಲದಿಂದ ಎಡಕ್ಕೆ, ಅರಬ್ಬಿ ಅಕ್ಷರ ಮೂಡಿಸಿದ ಕೀಬೋರ್ಡು ಕಚೇರಿಯಲ್ಲಿ ಇದ್ದದ್ದು ಇದೊಂದೇ.

"ಪ್ರತಿ ಹಾಡನ್ನ ಹೇಗೆ ಶುರು ಮಾಡ್ತೀರಿ? ನನ್ನ ಮುಂದೆ ಒತ್ತಿ ತೋರಿಸಿ."

"ಸಾಲು ಬಲಕ್ಕೆ ತಿರುಗ್ಬೇಕಲ್ಲ. ಕಂಟ್ರೋಲೂ ಶಿಫ್ಟೂ ಒಟ್ಟಿಗೆ ಒತ್ತಿ ಅಂತ ಪಿಆರ್‌ಓ ಹೇಳಿಕೊಟ್ಟಿದ್ದ." ಬಲಗೈ ಬೆರಳು ಕಂಟ್ರೋಲನ್ನು ಒತ್ತಿತು, ಎಡಗೈ ಶಿಫ್ಟನ್ನು ಹುಡುಕುವಷ್ಟರಲ್ಲಿ ಬಲಗೈ ಎದ್ದುಬಿಟ್ಟಿತ್ತು. ಮತ್ತೊಮ್ಮೆ ಕಂಟ್ರೋಲ್. "ಕೆಲವು ದಿನ ಒಂದೇ ಸಲಕ್ಕೆ ಆಗ್ತದೆ. ಕೆಲವು ದಿನ ಎರಡು ಸಲ. ಆಮೇಲೆ ಹಾಡಿನ ನಂಬರು. ಇವತ್ತಿಂದು ಇಪ್ಪತ್ನಾಲ್ಕು."

ಕಂಟ್ರೋಲ್, ಕಂಟ್ರೋಲ್, ಎರಡು. ಪೆಟ್ಟಿಗೆ ಆಜ್ಞಾಧಾರಕನಂತೆ ಎರಡನೇ ಯಂತ್ರಕ್ಕೆ ಹೋಗಿತ್ತು. ಇಪ್ಪತ್ನಾಲ್ಕರಲ್ಲಿ ಉಳಿದ ನಾಲ್ಕೆಂಬ ಅಂಕಿಯೂ, ಮದುವೆಯ ಹಾಡಿನ ಮೊದಲ ಸಾಲೂ ಪಾಸ್‌ವರ್ಡೆಂದು ತಿಳಿದು ಯಂತ್ರ ಚುಕ್ಕೆಯಿಟ್ಟು ಮುಚ್ಚಿತ್ತು. ಹತ್ತರಿಂದ ಹತ್ತೊಂಬತ್ತರವರೆಗಿನ ಹಾಡುಗಳು ಅದನ್ನು ಒಂದನೇ ಯಂತ್ರಕ್ಕೆ ಅಟ್ಟಿದ್ದವು. ನಾನು ಪತ್ತೇದಾರಿಕೆಯನ್ನು ಇನ್ನಷ್ಟು ತಡಮಾಡಿ, ಹಾಡುಗಳು ಮೂವತ್ತಕ್ಕೆ ಕಾಲಿಟ್ಟಿದ್ದರೆ, ಮೂರರಿಂದ ಮೂರಕ್ಕೇ ಹೋಗುವ ಪೆಟ್ಟಿಗೆಯ ರೋಗ ತಾನಾಗಿ ವಾಸಿಯಾಗಿ, ಆ ಕೀರ್ತಿ ನನ್ನದಾಗುತ್ತಿತ್ತು.

ಹೀಗೆ ಖುಷಿಯಲ್ಲಿ ಲೆಕ್ಕ ಹಾಕುತ್ತಿದ್ದವನಿಗೆ ಥಟ್ಟನೆ ಅಳಿಸುವ ಅಪ್ಪಣೆ ನೆನಪಾಯಿತು. ಉಳಿದ ಹಾಡುಗಳು ಎಲ್ಲಿವೆ?

"ಎಲ್ಲಿ ಅಂದ್ರೆ? ಈ ಕಂಪ್ಯೂಟರಲ್ಲೇ," ಎಂದು ಸಾಹೇಬರು ಪರದೆಯನ್ನು ತಟ್ಟಿದರು.

ಅವರ ಮಟ್ಟಿಗೆ ಮೇಜಿನ ಮೇಲಿದ್ದದ್ದೇ ಕಂಪ್ಯೂಟರು. ಹಿಂದೆ ಬೀರುವಿನಲ್ಲಿ ಗುರುಗುಡುವ ನಾಲ್ಕು ಯಂತ್ರಗಳು ಬೇರೇನೋ. ಅವುಗಳಲ್ಲಿ ಯಾವುದೋ ಮೂರನೆಯದನ್ನು ಅಳಿಸಲು ಅವರು ಹೇಳಿದ್ದರು. ನಾನು ಟೇಪು ಕಿತ್ತು ಮೂರನೇ ಗುಂಡಿಯನ್ನು ಒತ್ತಿದೆ. ಅವರ ಬರಹ ಪರದೆಗೆ ಬಂತು. ಒಂದನ್ನು ಒತ್ತಿದೆ, ಹೋಯಿತು. ಮತ್ತೆ ಮೂರು, ಬಂತು. ಅವರು ಪರದೆಯನ್ನೂ ಬೀರುವನ್ನೂ ತಿರುತಿರುಗಿ ನೋಡಿದರು.

"ಅಂದ್ರೆ... ನೀವು ಅಳಿಸ್ಬೇಕಾಗಿದ್ದು?"

"ಇದನ್ನೇ. ಹಳೇ ಪಿಆರ್‌ಓ ಕಾಗ್ದ ಅಂದ್ರಲ್ಲ."

ಸಾಹೇಬರು ಕುರ್ಚಿಗೆ ಒರಗಿದರು. ಮೊಬೈಲಿನೊಳಗಿಂದ ತಾಯಿ ನವಾಯತಿಯಲ್ಲಿ ಏನೋ ಗದರಿದರು. ಆ ಭಾಷೆ ನಮ್ಮ ಕೊಂಕಣಿಗೆ ಹತ್ತಿರದ ನೆಂಟ, ಅರ್ಧ ತಿಳಿಯುತ್ತದೆ. ನಾನು ಇಲ್ಲಿ ಗಂಟಲು ಒಣಗಿಸಿಕೊಳ್ಳುತ್ತಿದ್ದೇನೆ, ನೀನು ಸತ್ತಿದ್ದೀಯೋ ಬದುಕಿದ್ದೀಯೋ ಎಂಬ ಅರ್ಥದ್ದು.

ಆ ವಾರಪೂರ್ತಿ ನನ್ನ ಸಂಶಯದ ರೋಗ ಅವರಿಗೆ ಅಂಟಿತು. ಹಾಡುಗಳನ್ನು ಎರಡನೇ ಯಂತ್ರಕ್ಕೆ ನಕಲು ಮಾಡಿದೆ; ನಾಲ್ಕಕ್ಕೂ ಮಾಡಿ ಎಂದರು. ಪೆನ್ ಡ್ರೈವಿಗೂ ಹಾಕಿ ಎಂದರು. ಪೆನ್ ಡ್ರೈವ್ ಕಿಸೆಯಲ್ಲಿಟ್ಟುಕೊಂಡು, ಕಿಸೆ ಮುಟ್ಟಿ ನೋಡಿಕೊಂಡು, ಒಳಗಿದೆಯಲ್ಲ ಎಂದು ನನ್ನನ್ನೇ ಕೇಳಿದರು. ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಬದಿಗಿಟ್ಟು, ಕೀಬೋರ್ಡನ್ನೂ ಪರದೆಯನ್ನೂ ನೇರ ಮೂರನೆಯದಕ್ಕೇ ಚುಚ್ಚಿ, ಕೊನೆಗೊಮ್ಮೆ ನಾನು ಎಂಟರ್ ಒತ್ತಿದೆ. ಮೂರನೇ ಯಂತ್ರ ತನ್ನಷ್ಟಕ್ಕೆ ಖಾಲಿಯಾಗತೊಡಗಿತು.

ಸಾಹೇಬರಿಗೆ ಆದರೂ ಸಮಾಧಾನವಿಲ್ಲ. ಎರಡನೆಯದಕ್ಕೆ ಪರದೆ ಜೋಡಿಸಿ ಹಾಡುಗಳನ್ನು ತೆರೆದು ತೋರಿಸಿದೆ. ಅಕ್ಷರ ಅದೇ, ಆದರೆ ಸರಿಯಾಗಿದೆಯೆಂದು ಹೇಗೆ ನಂಬುವುದು ಎಂದರು. ತಾಯಿಗೆ ಫೋನು ಹಚ್ಚಿ, ಮದರಂಗಿ ಹಚ್ಚುವಾಗ ಮದುಮಗನ ತಮ್ಮನನ್ನು ಛೇಡಿಸುವ ಹಾಡೊಂದನ್ನು ತೆರೆದು, ಪರದೆ ನೋಡಿಕೊಂಡು ಗಟ್ಟಿಯಾಗಿ ಓದಿದರು. ಒಂದೊಂದು ಸಾಲಿನ ಅರ್ಥವನ್ನು ನಡುನಡುವೆ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು: ಮೈದುನ ಬಂದ, ಬಾಗಿಲ ಹಿಂದೆ ನಿಂತ, ಬೆಲ್ಲದ ತುಂಡು ಕದ್ದು ಬಾಯಿಗೆ ಹಾಕಿಕೊಂಡ...

ಅತ್ತ ಕಡೆಯಿಂದ ಮುದುಕಿಯ ದನಿ ಗುಡುಗಿತು. ಈ ಸಲ ಕನ್ನಡದಲ್ಲೇ, ನನಗೂ ಕೇಳಲಿ ಎಂಬಂತೆ:

"ಬೆಲ್ಲ ಅಲ್ವೋ ಮಂಗ, ಕಲ್ಲುಸಕ್ರೆ!"

ಸಾಹೇಬರ ಮುಖ ಅರಳಿತು. ಎಲ್ಲ ಉಳಿದಿತ್ತು, ಅವರ ತಪ್ಪುಗಳ ಸಮೇತ.